ಹನ್ನೆರಡು ಹಿರಿಯರಿರುವ ಮನೆ: ಆರೈಕೆ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ

ಬೆಳಗಿನ ಕಾಫಿ ಕೊಟ್ಟು ಅರ್ಧ ಗಂಟೆಯಾದ ಮೇಲೆ ಲೋಟಗಳನ್ನು ಒಟ್ಟುಮಾಡಿ ತೊಳೆಯಲು ಹಾಕುತ್ತೇವೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಮೊದಲ ದಿನ ಹೇಳುವುದು ಇದನ್ನೇ: ತೊಳೆಯುವ ಮುನ್ನ ಪ್ರತಿಯೊಂದು ಲೋಟದೊಳಗೂ ನೋಡಿ. ಯಾರದು ಖಾಲಿಯಾಗಿದೆ, ಯಾರದು ಉಳಿದಿದೆ ಎಂಬುದು ಮನಸ್ಸಿನಲ್ಲಿರಲಿ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಕಾಫಿಯನ್ನು ಒಂದು ಗುಟುಕೂ ಬಿಟ್ಟವರಲ್ಲ. ಒಂದು ದಿನ ಅವರ ಲೋಟದಲ್ಲಿ ಮುಕ್ಕಾಲು ಪಾಲು ಹಾಗೆಯೇ ಇತ್ತು. ಅದನ್ನು ಕಂಡವರು ನರ್ಸ್ ಅಲ್ಲ, ನಾನೂ ಅಲ್ಲ, ಅಡುಗೆಯವರು. ಜ್ವರವಿರಲಿಲ್ಲ, ಎಲ್ಲಿಯೂ ನೋವಿದೆ ಎನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಾತು ತಪ್ಪತೊಡಗಿತು. ನನ್ನನ್ನು ತಮ್ಮ ತಂಗಿಯ ಹೆಸರಿನಿಂದ ಕರೆದರು. ಪರೀಕ್ಷೆ ಮಾಡಿಸಿದರೆ ಮೂತ್ರದ ಸೋಂಕು. ವಯಸ್ಸಾದವರಲ್ಲಿ ಈ ಸೋಂಕು ಎಷ್ಟೋ ಸಲ ಉರಿಯೂ ಇಲ್ಲದೆ, ಜ್ವರವೂ ಇಲ್ಲದೆ, ಬರೀ ಗೊಂದಲವಾಗಿ ಕಾಣಿಸಿಕೊಳ್ಳುತ್ತದೆ. ಬೇಗ ಗೊತ್ತಾದ್ದರಿಂದ ಮಾತ್ರೆಯಲ್ಲಿಯೇ ವಾಸಿಯಾಯಿತು.

ಮೈಸೂರಿನ ಬಡಾವಣೆಯೊಂದರಲ್ಲಿ, ಹಿಂದೆ ಒಂದು ಕುಟುಂಬ ಬಾಳಿದ ಹಳೆಯ ಮನೆಯಲ್ಲಿಯೇ ನಡೆಯುವ ಚಿಕ್ಕ ಆರೈಕೆ ಮನೆ ನಮ್ಮದು. ಆಯಾ ಆಗಿ ಸೇರಿದೆ, ಈಗ ಹದಿನಾಲ್ಕು ವರ್ಷಗಳಾದವು, ಮೇಲ್ವಿಚಾರಣೆ ನೋಡಿಕೊಳ್ಳುತ್ತೇನೆ. ದೊಡ್ಡ ಆಸ್ಪತ್ರೆಯಲ್ಲಿ ಯಂತ್ರಗಳಿರುತ್ತವೆ, ಡಾಕ್ಟರ್ ಹತ್ತಿರದಲ್ಲಿಯೇ ಇರುತ್ತಾರೆ. ನಮ್ಮಂಥ ಮನೆಯಲ್ಲಿ ಇರುವುದು ಒಂದು ಬಿಪಿ ಉಪಕರಣ, ರಕ್ತದ ಸಕ್ಕರೆ ಅಳೆಯುವ ಒಂದು ಗ್ಲುಕೋಮೀಟರ್, ಒಂದು ಥರ್ಮಾಮೀಟರ್ ಮತ್ತು ನಮ್ಮ ಕಣ್ಣು. ನಿನ್ನೆಯಂತೆ ಇಂದು ಇದ್ದಾರೆಯೇ, ಇಲ್ಲವಾದರೆ ಏನು ಬದಲಾಗಿದೆ ಎಂದು ಕಾಣುವ ಕಣ್ಣು ಬೆಳೆಸಿಕೊಳ್ಳುವುದೇ ಈ ಕೆಲಸದ ಮುಕ್ಕಾಲು ಭಾಗ. ಮಿಕ್ಕಿದ್ದನ್ನು ಯಾರು ಬೇಕಾದರೂ ಮೂರು ತಿಂಗಳಲ್ಲಿ ಕಲಿಯಬಹುದು.

1. ಸೇರುವ ಮುನ್ನ ಎರಡು ಸಲ ಹೋಗಿ ನೋಡಿ

ಒಂದು ಸಲ ಮಧ್ಯಾಹ್ನ ಊಟದ ಹೊತ್ತಿಗೆ, ಇನ್ನೊಂದು ಸಲ ಸಂಜೆ ಏಳರ ನಂತರ ಹೋಗಿ. ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ಊಟದ ಹೊತ್ತಿನಲ್ಲಿ ಕೈ ನಡುಗುವವರಿಗೆ ಯಾರಾದರೂ ಪಕ್ಕದಲ್ಲಿ ಕುಳಿತು ತಿನ್ನಿಸುತ್ತಿದ್ದಾರೆಯೇ, ಅಥವಾ ನಿಂತುಕೊಂಡೇ ಚಮಚ ತುರುಕುತ್ತಿದ್ದಾರೆಯೇ ನೋಡಿ. ಸಂಜೆಯಾದ ಮೇಲೆ ಎಷ್ಟು ಜನ ಸಿಬ್ಬಂದಿ ಉಳಿಯುತ್ತಾರೆ ಎಂದು ಎಣಿಸಿ. ಹನ್ನೆರಡು ಜನರಲ್ಲಿ ನಾಲ್ವರು ಹಾಸಿಗೆ ಹಿಡಿದವರಿದ್ದು, ರಾತ್ರಿ ಒಬ್ಬರೇ ಇರಬೇಕು ಎಂದಾದರೆ ಅಂಥ ಕಡೆ ಸೇರಬೇಡಿ. ಒಬ್ಬರನ್ನು ಮಗ್ಗುಲು ಬದಲಿಸುವಾಗ ಇನ್ನೊಬ್ಬರು ಬಿದ್ದರೆ ನೀವು ಏನೂ ಮಾಡಲಾಗುವುದಿಲ್ಲ, ದೋಷ ಮಾತ್ರ ನಿಮ್ಮ ಮೇಲೆ ಬರುತ್ತದೆ.

ಸಂಬಳ, ವಾರದ ರಜೆ, ಡ್ಯೂಟಿ ಎಷ್ಟು ಗಂಟೆಯದು ಎಂಬುದನ್ನು ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿ. ಸಂಬಳ ಬ್ಯಾಂಕಿಗೆ ಬರಲಿ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ, ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಸೌಲಭ್ಯ ಕೇಳುವ ಹಕ್ಕಿದೆ. ನಿಮ್ಮ ಸಂಬಳದಿಂದ ಕಡಿತವಾಗುವುದು ಶೇಕಡ 0.75 ಮಾತ್ರ. ಚಿಕ್ಕ ಮನೆಗಳಲ್ಲಿ ನೌಕರರ ಸಂಖ್ಯೆ ಹತ್ತನ್ನು ಮುಟ್ಟದಿರುವುದೇ ಹೆಚ್ಚು. ಹಾಗಿದ್ದರೆ ನಿಮಗೆ ಕಾಯಿಲೆಯಾದಾಗ ಖರ್ಚು ಯಾರದು ಎಂದು ಮೊದಲೇ ಕೇಳಿ. ಅಲ್ಲಿಯೇ ಉಳಿದು ಕೆಲಸ ಮಾಡುವವರು ಇನ್ನೂ ಒಂದು ಮಾತು ಕೇಳಬೇಕು: ರಾತ್ರಿ ನಾನು ಮಲಗುವ ಹೊತ್ತು ಯಾವುದು? ‘ಇಲ್ಲಿಯೇ ಇರುತ್ತೀರಲ್ಲ’ ಎಂಬ ಮಾತಿನಲ್ಲಿ ಇಪ್ಪತ್ತನಾಲ್ಕು ಗಂಟೆಯ ದುಡಿಮೆ ಅಡಗಿರುತ್ತದೆ.

ನಂಜನಗೂಡು, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯಿಂದ ಓಡಾಡುವ ಹೆಣ್ಣುಮಕ್ಕಳು ನಮ್ಮಲ್ಲಿಯೂ ಇದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿಗೆ ಹಣ ಕೊಡಬೇಕಾಗಿಲ್ಲ, ಅದರಿಂದ ದೂರದವರೂ ಬರುವಂತಾಗಿದೆ. ಆದರೆ ರಾತ್ರಿ ಎಂಟಕ್ಕೆ ಡ್ಯೂಟಿ ಮುಗಿದರೆ ನಿಮ್ಮ ಊರಿನ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ತಿಳಿದುಕೊಂಡೇ ಸಮಯ ಒಪ್ಪಿಕೊಳ್ಳಿ. ಕೆಲಸಕ್ಕೆ ಸೇರುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಶುರುಮಾಡಿ. ಮೂರು ಡೋಸ್, ಆರು ತಿಂಗಳಲ್ಲಿ ಮುಗಿಯುತ್ತದೆ.

2. ಮೊದಲ ವಾರ ಕೈಗಿಂತ ಕಿವಿಗೆ ಕೆಲಸ ಕೊಡಿ

ಹನ್ನೆರಡು ಜನರ ಹೆಸರು ಒಂದು ದಿನದಲ್ಲಿ ಬರುತ್ತದೆ. ಅವರನ್ನು ಏನೆಂದು ಕರೆಯಬೇಕು ಎಂಬುದು ಬೇರೆ ವಿಷಯ. ಎಲ್ಲರನ್ನೂ ‘ಅಜ್ಜಿ’, ‘ತಾತ’ ಎನ್ನುವುದು ನಮಗೆ ಸಲೀಸು, ಅವರಿಗೆ ಹಿತವಾಗಿಯೇ ಇರಬೇಕೆಂದಿಲ್ಲ. ಮೂವತ್ತು ವರ್ಷ ಹೆಡ್ಮಿಸ್ಟ್ರೆಸ್ ಆಗಿದ್ದವರನ್ನು ‘ಟೀಚರ್’ ಎಂದಾಗ ಬೆನ್ನು ನೇರವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಂಡ್ಯದ ಕಡೆಯ ರೈತರೊಬ್ಬರು ‘ಸರ್’ ಎಂದರೆ ತಿರುಗಿಯೂ ನೋಡುತ್ತಿರಲಿಲ್ಲ. ‘ಗೌಡರೇ’ ಎಂದರೆ ಮಾತ್ರೆ ನುಂಗುತ್ತಿದ್ದರು. ಅವರನ್ನೇ ಕೇಳಿ, ಆಗದಿದ್ದರೆ ಮನೆಯವರನ್ನು ಕೇಳಿ. ಏಕವಚನ ಮಾತ್ರ ಬೇಡ, ಅವರು ನಿಮ್ಮನ್ನು ಏಕವಚನದಲ್ಲಿ ಕರೆದರೂ ಬೇಡ. ಮರೆವು ಬಂದವರ ಮುಂದೆ ಅವರ ಬಗ್ಗೆಯೇ ‘ಇವರಿಗೆ ಏನೂ ತಿಳಿಯುವುದಿಲ್ಲ’ ಎಂದು ಇನ್ನೊಬ್ಬರೊಡನೆ ಮಾತನಾಡುವುದು ಈ ಕೆಲಸದಲ್ಲಿ ನಾನು ಕ್ಷಮಿಸದ ತಪ್ಪು.

ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ಒಬ್ಬೊಬ್ಬರಿಗೂ ಒಂದೊಂದು ಪುಟ ಬರೆಯಿರಿ. ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಯಾವ ಕಡೆ ಶಕ್ತಿ ಕಡಿಮೆ, ಕಟ್ಟು ಹಲ್ಲು ಇದೆಯೇ, ಎಷ್ಟು ದಿನಕ್ಕೊಮ್ಮೆ ಮಲವಿಸರ್ಜನೆ, ಕಾಫಿಗೆ ಸಕ್ಕರೆಯೋ ಬೆಲ್ಲವೋ, ಮಲಗುವಾಗ ಯಾವ ಮಗ್ಗುಲು, ಯಾವ ವಾರ ಒಪ್ಪತ್ತು. ಇದೆಲ್ಲ ಫೈಲಿನಲ್ಲಿ ಇರುವುದಿಲ್ಲ. ಇವರ ‘ಸಾಮಾನ್ಯ’ ಯಾವುದೆಂದು ಗೊತ್ತಿದ್ದರೆ ಮಾತ್ರ ಅಸಾಮಾನ್ಯ ಕಣ್ಣಿಗೆ ಬೀಳುತ್ತದೆ.

ಕಿವಿ ಸರಿಯಾಗಿ ಕೇಳದವರನ್ನು ಮರೆವಿನ ರೋಗಿ ಎಂದು ತಿಳಿಯುವುದು ನಮ್ಮಲ್ಲಿ ಮೇಲಿಂದ ಮೇಲೆ ಆಗುವ ಪ್ರಮಾದ. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಾರೆಂದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಊರಿನಲ್ಲಿಯೇ ಇರುವುದು ನಮ್ಮ ಭಾಗ್ಯ. ಶ್ರವಣಯಂತ್ರ ಹಾಕಿಸಿದ ಮೇಲೆ ಅದರ ಬ್ಯಾಟರಿ ನೋಡಿಕೊಳ್ಳುವುದು ನಿಮ್ಮ ಕೆಲಸ. ಎಷ್ಟೋ ಯಂತ್ರಗಳು ಡಬ್ಬಿಯಲ್ಲಿಯೇ ಮಲಗಿರುತ್ತವೆ.

3. ಸ್ನಾನ ಮತ್ತು ಚರ್ಮ

ಕೆಲವು ಕಡೆ ಬೆಳಿಗ್ಗೆ ಐದಕ್ಕೇ ಸ್ನಾನ ಮುಗಿಸುತ್ತಾರೆ, ರಾತ್ರಿ ಡ್ಯೂಟಿಯವರು ಹೋಗುವ ಮುನ್ನ ಕೆಲಸ ಮುಗಿಯಲಿ ಎಂದು. ಧನುರ್ಮಾಸದ ಚಳಿಯಲ್ಲಿ ಎಂಬತ್ತು ದಾಟಿದವರನ್ನು ಎಬ್ಬಿಸಿ ನೀರು ಹಾಕುವುದು ಆರೈಕೆಯಲ್ಲ. ಬಿಸಿಲು ಬಂದ ಮೇಲೆ, ತಿಂಡಿಯಾಗಿ ಒಂದು ಗಂಟೆ ಕಳೆದ ಮೇಲೆ ಮಾಡಿಸಿ. ಸೂರ್ಯ ಹುಟ್ಟುವ ಮೊದಲೇ ಸ್ನಾನ ಮಾಡಿ ಪೂಜೆಗೆ ಕೂರುವ ಅಭ್ಯಾಸದವರು ಇದ್ದರೆ ಅವರಿಗೆ ಮಾತ್ರ ಬೇಗ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಎಷ್ಟೋ ಸಲ ಬಿಸಿ ತಿಳಿಯುವುದಿಲ್ಲ. ಚಳಿ ಎಂದು ಹಾಟ್ ವಾಟರ್ ಬ್ಯಾಗ್ ಇಟ್ಟು ಅಂಗಾಲು ಸುಟ್ಟ ಪ್ರಸಂಗ ನಮ್ಮ ಪರಿಚಿತರ ಮನೆಯಲ್ಲಿಯೇ ನಡೆದಿದೆ. ಬಟ್ಟೆ ತೆಗೆಯುವಾಗ ಬಾಗಿಲು ಮುಚ್ಚಿ, ಮೈಮೇಲೆ ಒಂದು ಟವೆಲ್ ಇರಲಿ, ಏನು ಮಾಡಲಿದ್ದೀರೆಂದು ಮೊದಲು ಹೇಳಿ. ಪಾರ್ಶ್ವವಾಯು ಆದವರಿಗೆ ಬಟ್ಟೆ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಸೋತ ಕೈ ಕೊನೆಗೆ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಮೂತ್ರದ ಸೋಂಕಿನಲ್ಲಿ ಅರ್ಧ ಇದರಿಂದಲೇ ತಪ್ಪುತ್ತದೆ ಎಂಬುದು ನನ್ನ ಅನುಭವ. ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಇದ್ದವರ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಗಬಾರದು.

ಸ್ನಾನದ ಹೊತ್ತು ಮೈಯನ್ನೆಲ್ಲ ನೋಡಲು ಸಿಗುವ ಒಂದೇ ಸಮಯ. ಬೆನ್ನಿನ ಕೆಳಭಾಗ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಮೊಣಕೈ, ಕಿವಿಯ ಹಿಂಭಾಗ: ಹಾಸಿಗೆ ಹುಣ್ಣು ಶುರುವಾಗುವ ಜಾಗಗಳು ಇವು. ‘ಕೆಂಪಾಗಿದೆಯೇ ನೋಡಿ’ ಎಂದು ತರಬೇತಿಯಲ್ಲಿ ಹೇಳುತ್ತಾರೆ, ಆದರೆ ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಕಾಣುವುದು ಕಷ್ಟ. ಬೆರಳ ಹಿಂಭಾಗದಿಂದ ಮುಟ್ಟಿ ನೋಡಿ. ಸುತ್ತಲಿನ ಜಾಗಕ್ಕಿಂತ ಬಿಸಿಯಾಗಿದ್ದರೆ, ಗಟ್ಟಿಯಾಗಿದ್ದರೆ, ಬಣ್ಣ ಕಪ್ಪಿಟ್ಟಿದ್ದರೆ ಅದು ಮುನ್ಸೂಚನೆ. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು, ಏರ್‌ಬೆಡ್ ಇದ್ದರೂ ಬದಲಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಗಾಳಿಯಲ್ಲಿ ತೇಲುತ್ತದೆ.

4. ಎಬ್ಬಿಸುವುದು, ನಡೆಸುವುದು

ಮಲಗಿದವರನ್ನು ಒಮ್ಮೆಗೇ ನಿಲ್ಲಿಸಬೇಡಿ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಿಸಿ, ತಲೆ ಸುತ್ತುತ್ತಿದೆಯೇ ಎಂದು ಕೇಳಿ, ನಂತರ ನಿಲ್ಲಿಸಿ. ವೀಲ್‌ಚೇರಿಗೆ ಕೂರಿಸುವಾಗ ಬ್ರೇಕ್ ಹಾಕಿ, ಕುರ್ಚಿ ಅವರ ಗಟ್ಟಿ ಕಾಲಿನ ಕಡೆ ಇರಲಿ. ಕಂಕುಳಿಗೆ ಕೈ ಹಾಕಿ ಎಳೆದರೆ ಭುಜ ಕಳಚಬಹುದು. ನಿಮ್ಮ ಮಂಡಿ ಬಗ್ಗಲಿ, ಸೊಂಟ ಬಗ್ಗಬಾರದು. ಭಾರವಿರುವವರನ್ನು ಇಬ್ಬರು ಸೇರಿ ಎತ್ತಿ. ‘ನಾನೊಬ್ಬಳೇ ಎತ್ತಬಲ್ಲೆ’ ಎಂದು ತೋರಿಸಿಕೊಂಡ ನನ್ನ ಜೊತೆಗಾತಿಯೊಬ್ಬಳು ಮೂವತ್ತೈದನೆಯ ವಯಸ್ಸಿಗೇ ಬೆನ್ನುನೋವಿನಿಂದ ಕೆಲಸ ಬಿಟ್ಟಳು.

ಹಳೆಯ ಮೈಸೂರಿನ ಮನೆಗಳ ರೆಡ್ ಆಕ್ಸೈಡ್ ನೆಲ ನೋಡಲು ಚೆಂದ, ಕಾಲುಚೀಲ ಹಾಕಿದ ಕಾಲಿಗೆ ಮಾತ್ರ ಅದು ಮಂಜುಗಡ್ಡೆ. ಚಳಿಗಾಲದಲ್ಲಿ ಮಕ್ಕಳು ಪ್ರೀತಿಯಿಂದ ಉಣ್ಣೆಯ ಕಾಲುಚೀಲ ತಂದುಕೊಡುತ್ತಾರೆ. ಅಂಗಾಲಿಗೆ ರಬ್ಬರ್ ಹಿಡಿತ ಇರುವುದನ್ನೇ ತರಲು ಹೇಳಿ. ಆ ಮನೆಗಳಲ್ಲಿ ಪ್ರತಿ ಕೋಣೆಗೂ ಎತ್ತರದ ಹೊಸ್ತಿಲು ಇರುತ್ತದೆ. ಅದನ್ನು ತೆಗೆಸಲು ಮಾಲೀಕರು ಒಪ್ಪದಿದ್ದರೆ ಎರಡು ಕಡೆಯೂ ಇಳಿಜಾರು ಹಲಗೆ ಹಾಕಿಸಿ, ಅಂಚಿಗೆ ಹಳದಿ ಬಣ್ಣ ಬಳಿಯಿರಿ. ನಮ್ಮಲ್ಲಿ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವ ಅಜ್ಜಿಯೇ ದಪ್ಪಗೆ ಅರಿಶಿನ ಬಳಿದು ಆ ಕೆಲಸ ಮಾಡಿಕೊಡುತ್ತಿದ್ದರು. ರಾತ್ರಿ ಮೂತ್ರಕ್ಕೆ ಎದ್ದಾಗ ಬೀಳುವುದೇ ಹೆಚ್ಚು, ಆದ್ದರಿಂದ ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ ಇಡೀ ರಾತ್ರಿ ಉರಿಯಲಿ.

ಬಿದ್ದರೆ ಕೂಡಲೇ ಎತ್ತಬೇಡಿ. ಪಕ್ಕದಲ್ಲಿ ಕುಳಿತು ಮಾತನಾಡಿಸಿ, ಎಲ್ಲಿ ನೋವು ಎಂದು ಕೇಳಿ, ಎರಡೂ ಕಾಲುಗಳನ್ನು ಹೋಲಿಸಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಬಳಿ ಮೂಳೆ ಮುರಿದಿದೆ ಎಂದೇ ತಿಳಿದು 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಏಟು ತಗುಲಿದ್ದರೆ, ಎದ್ದು ಕುಳಿತು ಚೆನ್ನಾಗಿಯೇ ಮಾತನಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

5. ಊಟ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹೊಸಬರು ಅತ್ಯಂತ ಸುಲಭವೆಂದು ತಿಳಿಯುವ ಕೆಲಸ ಇದು, ಅಪಾಯ ಮಾತ್ರ ಇಲ್ಲಿಯೇ ಹೆಚ್ಚು.

ನುಂಗುವ ಶಕ್ತಿ ಕುಂದಿದವರಲ್ಲಿ ಅನ್ನ ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ನಾಲ್ಕು ದಿನ ಕಳೆದ ಮೇಲೆ ನ್ಯುಮೋನಿಯಾ ಆಗಿ ಕಾಣಿಸಿಕೊಳ್ಳುತ್ತದೆ. ತಿನ್ನುವಾಗ ಗಂಟಲು ಸರಿಮಾಡಿಕೊಳ್ಳುವುದು, ಉಂಡ ಮೇಲೆ ದನಿಯಲ್ಲಿ ನೀರು ತುಂಬಿದಂತೆ ಗೊರಗೊರ ಎನ್ನುವುದು, ಕೆನ್ನೆಯಲ್ಲಿ ತುತ್ತು ಉಳಿಯುವುದು, ಒಂದು ಊಟಕ್ಕೆ ಒಂದು ಗಂಟೆ ಹಿಡಿಯುವುದು: ಇವುಗಳಲ್ಲಿ ಯಾವುದನ್ನು ಕಂಡರೂ ಬರೆದಿಟ್ಟು ಹೇಳಿ.

ಬೆನ್ನು ನೇರವಾಗಿ ಕೂರಿಸಿ. ಮಂಚದಲ್ಲಿ ಅರೆಮಲಗಿಸಿ ತಿನ್ನಿಸುವುದು ಬೇಡ. ತಲೆ ಹಿಂದಕ್ಕೆ ವಾಲಬಾರದು, ಗದ್ದ ಸ್ವಲ್ಪ ಕೆಳಗಿರಲಿ. ನೀವೂ ಕುಳಿತುಕೊಳ್ಳಿ, ಕಣ್ಣಿಗೆ ಕಣ್ಣು ಸೇರುವ ಎತ್ತರದಲ್ಲಿ. ನಿಂತು ತಿನ್ನಿಸಿದರೆ ಅವರು ತಲೆಯೆತ್ತಿ ನೋಡುತ್ತಾರೆ, ಗಂಟಲಿನ ದಾರಿ ತಪ್ಪುತ್ತದೆ. ಚಿಕ್ಕ ಚಮಚ, ಒಂದು ತುತ್ತು ಇಳಿದಿದೆ ಎಂದು ಖಚಿತವಾದ ಮೇಲೆ ಇನ್ನೊಂದು. ಬಾಯಲ್ಲಿ ತುತ್ತಿರುವಾಗ ಪ್ರಶ್ನೆ ಕೇಳಬೇಡಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕಟ್ಟು ಹಲ್ಲನ್ನು ತೆಗೆದು ತೊಳೆದು, ಬಾಯಿ ಮುಕ್ಕಳಿಸಿ. ಶುದ್ಧವಾದ ಬಾಯಿ ಇರುವವರಿಗೆ ನ್ಯುಮೋನಿಯಾ ಬರುವುದು ಕಡಿಮೆ.

ನಮ್ಮ ಅಡುಗೆಯಲ್ಲಿ ಯಾವುದು ಜಾರುತ್ತದೆ, ಯಾವುದು ಸಿಕ್ಕಿಕೊಳ್ಳುತ್ತದೆ ಎಂದು ಯಾವ ಇಂಗ್ಲಿಷ್ ಕೈಪಿಡಿಯೂ ಹೇಳುವುದಿಲ್ಲ. ಒಣ ಇಡ್ಲಿ ಅಂಗುಳಿಗೆ ಅಂಟುತ್ತದೆ, ಸಾಂಬಾರಿನಲ್ಲಿ ನೆನೆಸಿಯೇ ಕೊಡಿ. ಉದುರುದುರಾದ ಅವಲಕ್ಕಿ, ಉಪ್ಪಿಟ್ಟು ಗಂಟಲಲ್ಲಿ ಚದುರುತ್ತವೆ. ಚಿತ್ರಾನ್ನದ ಕಡಲೆಕಾಯಿ ಬೀಜ, ಒಗ್ಗರಣೆಯ ಕಡಲೆಬೇಳೆ, ಕರಿಬೇವಿನ ಎಲೆ ಇವನ್ನು ಆರಿಸಿ ತೆಗೆಯಲೇಬೇಕು. ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲಿ ಕೊಬ್ಬರಿ ಚೂರು, ಹುರಿಗಡಲೆ ಇರುತ್ತವೆ. ನೆಂಟರು ಪ್ರೀತಿಯಿಂದ ಬಾಯಿಗೇ ಹಾಕಿಬಿಡುತ್ತಾರೆ. ಹಬ್ಬದ ದಿನ ನಮ್ಮ ಅಡುಗೆಯವರು ಅದನ್ನೇ ನುಣ್ಣಗೆ ಪುಡಿಮಾಡಿ ತುಪ್ಪ ಬೆರೆಸಿ ಬೆರಳ ತುದಿಯಷ್ಟು ಕೊಡುತ್ತಾರೆ, ಹಬ್ಬವೂ ಆಯಿತು, ಜೀವವೂ ಉಳಿಯಿತು. ನೀರು, ಕಾಫಿ ತೆಳುವಾಗಿರುವುದರಿಂದ ಅವೇ ಎಲ್ಲಕ್ಕಿಂತ ಬೇಗ ಶ್ವಾಸನಾಳಕ್ಕೆ ಹೋಗುತ್ತವೆ. ಎಷ್ಟು ಗಟ್ಟಿ ಮಾಡಿ ಕೊಡಬೇಕೆಂದು ನುಂಗುವಿಕೆಯ ತಜ್ಞರು ಅಳತೆ ಹೇಳುತ್ತಾರೆ, ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ.

ಮುದ್ದೆಯ ಮಾತು ಬೇರೆ. ಮಂಡ್ಯದ ಹಳ್ಳಿಗಳಿಂದ ಬಂದವರಿಗೆ ಮುದ್ದೆಯಿಲ್ಲದ ಊಟ ಊಟವೇ ಅಲ್ಲ. ಆದರೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನುಂಗುವುದೇ ಕಷ್ಟವಾದವರಿಗೆ ಅದು ನೇರ ಅಪಾಯ. ಹಿಂದೆ ಹೇಳಿದ ಗೌಡರಿಗೆ ಪಾರ್ಶ್ವವಾಯುವಾದ ಮೇಲೆ ಮುದ್ದೆ ನಿಲ್ಲಿಸಿದೆವು. ಮೂರು ದಿನ ತಟ್ಟೆಯನ್ನು ಮುಟ್ಟಲಿಲ್ಲ. ತೂಕ ಇಳಿಯುವುದೂ ಒಂದು ಕಾಯಿಲೆಯೇ. ತಜ್ಞರನ್ನು ಕೇಳಿ, ಗಂಟಿಲ್ಲದಂತೆ ಸಡಿಲವಾಗಿ ಕಲಸಿದ ರಾಗಿಯನ್ನು ಬಟ್ಟಲಲ್ಲಿ ಹಾಕಿ, ಮೇಲೆ ಬಸ್ಸಾರು ಸುರಿದು ಚಮಚದಲ್ಲಿ ಕೊಟ್ಟೆವು. ಬಸ್ಸಾರಿನ ವಾಸನೆ ಬಂದದ್ದೇ ಬಾಯಿ ತೆರೆದರು. ‘ಬೇಡ’ ಎಂದು ನಿಲ್ಲಿಸುವ ಮುನ್ನ ಅದೇ ರುಚಿಯನ್ನು ಬೇರೆ ರೂಪದಲ್ಲಿ ಕೊಡಬಹುದೇ ಎಂದು ಅಡುಗೆಯವರೊಡನೆ ಕೂತು ಯೋಚಿಸಿ.

6. ಮಾತ್ರೆ, ಇನ್ಸುಲಿನ್, ಒಪ್ಪತ್ತು

ಮಾತ್ರೆಯನ್ನು ಕೊಟ್ಟು, ನುಂಗಿದ್ದನ್ನು ನೋಡಿ, ಆಮೇಲೆ ರಿಜಿಸ್ಟರಿನಲ್ಲಿ ಸಹಿ ಮಾಡಿ. ಮೊದಲೇ ಸಹಿ ಮಾಡಿಟ್ಟುಕೊಳ್ಳುವ ಅಭ್ಯಾಸದಿಂದ ಒಂದೇ ಮಾತ್ರೆಯನ್ನು ಎರಡು ಸಲ ಕೊಟ್ಟವರನ್ನೂ, ಕೊಡದೇ ಬಿಟ್ಟವರನ್ನೂ ಕಂಡಿದ್ದೇನೆ. ಎಲ್ಲ ಮಾತ್ರೆಗಳನ್ನೂ ಪುಡಿಮಾಡುವಂತಿಲ್ಲ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ರಕ್ತಕ್ಕೆ ಸೇರುತ್ತದೆ, ಆದ್ದರಿಂದ ಕೇಳಿಯೇ ಪುಡಿಮಾಡಿ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಕೊಡುವುದು ಬೇಡ. ನೀವು ನರ್ಸ್ ಅಲ್ಲದಿದ್ದರೆ, ತರಬೇತಿ ಇಲ್ಲದೆ ಇಂಜೆಕ್ಷನ್ ಕೊಡಿ ಎಂದರೆ ಆಗುವುದಿಲ್ಲ ಎನ್ನಿ.

ಏಕಾದಶಿ, ಶಿವರಾತ್ರಿ, ಶನಿವಾರದ ಒಪ್ಪತ್ತು ಬಿಡದವರು ನಮ್ಮಲ್ಲಿ ಇದ್ದೇ ಇರುತ್ತಾರೆ. ಉಪವಾಸವಿದ್ದು ಎಂದಿನಂತೆ ಇನ್ಸುಲಿನ್ ಹೋದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಗೋಡೆಯ ಪಂಚಾಂಗದಲ್ಲಿ ಆ ದಿನಗಳನ್ನು ಗುರುತುಮಾಡಿ, ಹಿಂದಿನ ದಿನವೇ ಡಾಕ್ಟರನ್ನು ಕೇಳಿ. ಬೆವರು, ನಡುಕ, ಸಿಡುಕು, ಮಂಕು ಕಂಡರೆ ಮೊದಲು ಗ್ಲುಕೋಮೀಟರ್. 70ಕ್ಕಿಂತ ಕಡಿಮೆ ಇದ್ದು ನುಂಗುವಷ್ಟು ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೊಡಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ.

7. ಸಂಜೆ ಐದರ ನಂತರ

ಮರೆವಿನ ಕಾಯಿಲೆ ಇರುವವರಿಗೆ ಹೊತ್ತು ಇಳಿಯುತ್ತಿದ್ದಂತೆ ತಳಮಳ ಶುರುವಾಗುತ್ತದೆ. ಮಂಡ್ಯದ ಕಡೆಯ ಒಬ್ಬ ಅಜ್ಜಿ ದಿನವೂ ಸಂಜೆ ಬಾಗಿಲ ಬಳಿ ನಿಂತು, “ಹಾಲು ಕರೆಯಬೇಕು, ಡೈರಿಗೆ ಹೊತ್ತಾಯಿತು, ಬಿಡಿ” ಎನ್ನುತ್ತಿದ್ದರು. ಹಸು ಮಾರಿ ಇಪ್ಪತ್ತು ವರ್ಷವಾಗಿತ್ತು. ಹೊಸ ಹುಡುಗಿಯೊಬ್ಬಳು, “ಹಸುವೂ ಇಲ್ಲ, ಊರೂ ಇಲ್ಲ ಅಜ್ಜಿ, ಇದೇ ನಿಮ್ಮ ಮನೆ” ಎಂದು ತಿಳಿಹೇಳಲು ಹೋದಳು. ಅಜ್ಜಿ ಗೋಡೆಗೆ ತಲೆ ಚಚ್ಚಿಕೊಂಡು ಅತ್ತರು. ಆ ಕ್ಷಣದಲ್ಲಿ ಅವರ ಪಾಲಿಗೆ ಹಸುಗಳು ಸತ್ತುಹೋಗಿದ್ದವು. ಮರುದಿನ ನಾನು ಪಕ್ಕದಲ್ಲಿ ನಿಂತು, “ಎಷ್ಟು ಹಸು ಅಮ್ಮ? ಯಾವುದು ಹೆಚ್ಚು ಹಾಲು ಕೊಡುತ್ತದೆ?” ಎಂದೆ. ಹತ್ತು ನಿಮಿಷ ಒಂದೊಂದರ ಗುಣ ಹೇಳಿದರು. “ಇಷ್ಟು ಅವರೆಕಾಳು ಹಿತುಕಿಕೊಟ್ಟು ಹೋಗುತ್ತೀರಾ?” ಎಂದು ಬಟ್ಟಲು ಮುಂದಿಟ್ಟೆ. ಕೂತರು. ನೆನೆಸಿದ ಕಾಳನ್ನು ಎರಡು ಬೆರಳಿನಿಂದ ಒತ್ತಿ ಸಿಪ್ಪೆಯಿಂದ ಚಿಮ್ಮಿಸುವ ಆ ಕೆಲಸವನ್ನು ಕೈ ಮರೆತಿರಲಿಲ್ಲ. ಅವರೆ ಕಾಲ ಮುಗಿದ ಮೇಲೆ ಹೂ ಕಟ್ಟಲು ದಾರ, ಬಿಡಿ ಮಲ್ಲಿಗೆ ಕೊಟ್ಟೆವು. ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆಯೇ ಎಂದು ಮಾತ್ರ ಗಮನವಿರಲಿ.

ಸಂಜೆಯಾಗುವ ಮುನ್ನವೇ ದೀಪ ಹಾಕಿ, ನೆರಳುಗಳು ಭಯ ಹುಟ್ಟಿಸುತ್ತವೆ. ಟಿವಿಯ ಗದ್ದಲದ ವಾರ್ತೆಗಿಂತ ರೇಡಿಯೋ ಒಳ್ಳೆಯದು. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ಯ ಊರು ಇದು. ಇಲ್ಲಿ ಬೆಳೆದ ಹಿರಿಯರಿಗೆ ಹೊತ್ತು ತಿಳಿಸುತ್ತಿದ್ದದ್ದು ಗಡಿಯಾರವಲ್ಲ, ರೇಡಿಯೋ. ತಮ್ಮ ಮಗನನ್ನೇ ಗುರುತಿಸದವರು ಹಳೆಯ ಭಾವಗೀತೆಯ ಮುಂದಿನ ಸಾಲನ್ನು ತಾವೇ ಹಾಡುವುದನ್ನು ಎಷ್ಟು ಸಲ ಕಂಡಿದ್ದೇನೋ.

ಇದ್ದಕ್ಕಿದ್ದಂತೆ ಒಂದೇ ದಿನದಲ್ಲಿ ಹೆಚ್ಚಿದ ಗೊಂದಲ ಮಾತ್ರ ಮರೆವಿನ ಕಾಯಿಲೆಯಲ್ಲ. ಸೋಂಕು, ಮಲಬದ್ಧತೆ, ನೀರು ಕಡಿಮೆಯಾದದ್ದು, ಹೊಸ ಮಾತ್ರೆ, ನೋವು: ಇವನ್ನು ಹುಡುಕಿ. ಬಾಯಿ ಸೊಟ್ಟಗಾಗಿ, ಒಂದು ಕೈ ಕುಸಿದು, ಮಾತು ತೊದಲಿದರೆ ಪಾರ್ಶ್ವವಾಯು. ಅವರು ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಕೂಡಲೇ ಬರೆದಿಡಿ. ರಕ್ತದ ಹೆಪ್ಪು ಕರಗಿಸುವ ಔಷಧಕ್ಕೆ ಸುಮಾರು ನಾಲ್ಕೂವರೆ ಗಂಟೆಯ ಗಡುವಿದೆ, ಆಸ್ಪತ್ರೆಯವರು ಮೊದಲು ಕೇಳುವುದು ಆ ಹೊತ್ತನ್ನೇ.

8. ರಾತ್ರಿ ಡ್ಯೂಟಿ, ಬೆಳಗಿನ ಒಪ್ಪಿಸುವಿಕೆ

ರಾತ್ರಿ ಸುತ್ತು ಹೋಗುವಾಗ ಬಾಗಿಲಲ್ಲಿ ನಿಂತು ನೋಡಿ ಬರಬೇಡಿ. ಹತ್ತಿರ ಹೋಗಿ ಉಸಿರು ಕೇಳಿ, ಹೊದಿಕೆ ಸರಿಪಡಿಸಿ, ಹಾಸಿಗೆ ಒದ್ದೆಯಾಗಿದೆಯೇ ನೋಡಿ. ನಿದ್ದೆ ಬಾರದೆ ಕುಳಿತವರ ಪಕ್ಕ ಐದು ನಿಮಿಷ ಕೂರಿ. ಹಗಲಿನಲ್ಲಿ ಹೇಳದ ನೋವನ್ನು ರಾತ್ರಿ ಹೇಳುತ್ತಾರೆ.

ಬೆಳಿಗ್ಗೆ ಡ್ಯೂಟಿ ಒಪ್ಪಿಸುವಾಗ ‘ಎಲ್ಲರೂ ಚೆನ್ನಾಗಿದ್ದಾರೆ’ ಎಂಬ ಮಾತಿಗೆ ಅರ್ಥವಿಲ್ಲ. ಒಬ್ಬೊಬ್ಬರ ಮಂಚದ ಬಳಿ ನಿಂತು ಹೇಳಿ: ಎಷ್ಟು ಸಲ ಎದ್ದರು, ಮೂತ್ರ ಎಷ್ಟಾಯಿತು, ಯಾವ ಮಗ್ಗುಲು ಎಷ್ಟು ಗಂಟೆಗೆ, ಏನು ಬೇರೆಯಾಗಿ ಕಂಡಿತು. ‘ಯಾಕೋ ಸರಿಯಿಲ್ಲ ಎನ್ನಿಸುತ್ತದೆ’ ಎಂಬುದನ್ನೂ ಬರೆಯಿರಿ, ಸಂಕೋಚ ಬೇಡ. ಒಪ್ಪಿಸುವ ಹೊತ್ತಿಗೆ ಅಡುಗೆಯವರನ್ನೂ, ಗುಡಿಸಿ ಒರೆಸುವವರನ್ನೂ ನಿಲ್ಲಿಸಿಕೊಳ್ಳಿ. ನಮ್ಮಲ್ಲಿ ಇದನ್ನು ಶುರುಮಾಡಿದ್ದು ಮೇಷ್ಟ್ರ ಕಾಫಿ ಲೋಟದ ನಂತರ.

9. ಮನೆಯವರು, ಕಾಗದಪತ್ರ, ಒಡವೆ

ವಿದೇಶದಲ್ಲಿರುವ ಮಗ ಅವರ ಹಗಲಿನಲ್ಲಿ, ನಮ್ಮ ನಡುರಾತ್ರಿಯಲ್ಲಿ ಕರೆ ಮಾಡಿ ಸಿಟ್ಟಾಗಬಹುದು. ಆ ಸಿಟ್ಟಿನ ಹಿಂದೆ ದೂರವಿರುವ ಸಂಕಟವಿರುತ್ತದೆ. ಕಂಡದ್ದನ್ನು ಕಂಡಂತೆ ಹೇಳಿ: “ಎರಡು ಇಡ್ಲಿ ತಿಂದರು, ಹತ್ತು ಹೆಜ್ಜೆ ನಡೆದರು, ನಿಮ್ಮ ಹೆಸರು ಎರಡು ಸಲ ಹೇಳಿದರು.” ಬಿದ್ದಿದ್ದರೆ, ಹುಣ್ಣಾಗಿದ್ದರೆ ಅಂದೇ ತಿಳಿಸಿ. ಹಿರಿಯರ ಫೋಟೋ, ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಬೇಡ.

ಬಳೆ, ಓಲೆ, ಉಂಗುರಗಳನ್ನು ಸೇರುವ ದಿನವೇ ಪಟ್ಟಿಮಾಡಿ ಮನೆಯವರಿಂದ ಸಹಿ ಹಾಕಿಸಿ. ಯಾರಾದರೂ ಸ್ಟಾಂಪ್ ಕಾಗದ ತಂದು ಅಜ್ಜಿಯ ಹೆಬ್ಬೆಟ್ಟು ಒತ್ತಿಸಿ, ನಿಮ್ಮಿಂದ ಸಾಕ್ಷಿ ಸಹಿ ಕೇಳಿದರೆ ಹಾಕಬೇಡಿ, ಮೇಲಿನವರಿಗೆ ಹೇಳಿ. 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದುಮಾಡಿಸಬಹುದು. ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ಹಿರಿಯರಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ, ನೀವು ಕೆಲಸ ಮಾಡುವ ಮನೆಯಲ್ಲಿಯೇ ಆಗುತ್ತಿದ್ದರೂ ಸರಿ, ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಕೆಲಸ ಹೋಗಬಹುದೆಂಬ ಭಯ ನನಗೆ ಅರ್ಥವಾಗುತ್ತದೆ. ಆದರೂ ಮಾಡಿ.

10. ಸಾವು ಬಂದಾಗ

ಬರುತ್ತದೆ, ನಿಮ್ಮ ಡ್ಯೂಟಿಯಲ್ಲಿಯೇ ಬರಬಹುದು. ಕೊನೆಯ ದಿನಗಳಲ್ಲಿ ಊಟ ಬೇಡವೆನ್ನುತ್ತಾರೆ, ಒತ್ತಾಯಿಸಬೇಡಿ. ಒದ್ದೆ ಹತ್ತಿಯಿಂದ ತುಟಿ ತೇವಮಾಡಿ. ಉಸಿರು ನಿಂತು ನಿಂತು ಬರುತ್ತದೆ, ಕೈಕಾಲು ತಣ್ಣಗಾಗುತ್ತವೆ. ಕೇಳಿಸಿಕೊಳ್ಳುತ್ತಿದ್ದಾರೆ ಎಂದೇ ತಿಳಿದು ಮಾತನಾಡಿ, ಕೈ ಹಿಡಿದುಕೊಳ್ಳಿ. ಕೊನೆಯ ಗಳಿಗೆಯಲ್ಲಿ ಆಸ್ಪತ್ರೆಗೆ ಸಾಗಿಸಬೇಕೇ, ಇಲ್ಲಿಯೇ ಇರಬೇಕೇ ಎಂಬುದನ್ನು ಮನೆಯವರೂ ಡಾಕ್ಟರೂ ಮೊದಲೇ ತೀರ್ಮಾನಿಸಿ ಫೈಲಿನಲ್ಲಿ ಬರೆದಿರಬೇಕು, ನಡುರಾತ್ರಿ ಅದು ನಿಮ್ಮ ಹೆಗಲಿಗೆ ಬೀಳಬಾರದು.

ಡಾಕ್ಟರ್ ಬಂದು ಸಾವನ್ನು ದೃಢಪಡಿಸಿ ಪತ್ರ ಕೊಡಬೇಕು. ನೋಂದಣಿಗೆ 21 ದಿನ ಕಾಲಾವಕಾಶವಿದೆ. ನೇತ್ರದಾನಕ್ಕೆ ಮನೆಯವರು ಒಪ್ಪಿದ್ದರೆ ಕಣ್ಣು ಮುಚ್ಚಿಸಿ, ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ನಿಲ್ಲಿಸಿ, ತಲೆಯ ಕೆಳಗೆ ದಿಂಬಿಡಿ. ಆರು ಗಂಟೆಯೊಳಗೆ ನೇತ್ರಬ್ಯಾಂಕಿನವರು ಬರಬೇಕು. ಗಲ್ಲಕ್ಕೆ ಬಟ್ಟೆ ಕಟ್ಟುವುದು, ಮುಖ ಒರೆಸುವುದು, ಒಗೆದ ಸೀರೆ ಉಡಿಸುವುದು ನಮ್ಮ ಕೈಯಿಂದಲೇ ಆಗಲಿ. ತುಳಸಿ ನೀರೋ, ಕುರಾನಿನ ಪಠಣವೋ, ಜಪಮಾಲೆಯೋ, ಅವರವರ ಮನೆಯ ಕ್ರಮವನ್ನು ಮೊದಲೇ ನಿಮ್ಮ ಪುಸ್ತಕದ ಪುಟದಲ್ಲಿ ಬರೆದುಕೊಂಡಿರಿ.

ಉಳಿದ ಹನ್ನೊಂದು ಜನರಿಗೆ ‘ಊರಿಗೆ ಹೋದರು’ ಎನ್ನಬೇಡಿ. ಆಂಬುಲೆನ್ಸ್ ಬಂದದ್ದನ್ನು ಅವರು ಕಂಡಿರುತ್ತಾರೆ. ತಿಂಡಿಯ ಹೊತ್ತಿಗೆ ಎಲ್ಲರೂ ಕೂತಾಗ ಹೇಳಿ, ಅಳುವವರನ್ನು ಅಳಲು ಬಿಡಿ, ಕೊನೆಯ ಸಲ ನೋಡಬೇಕೆಂದವರನ್ನು ಕೈ ಹಿಡಿದು ಕರೆದುಕೊಂಡು ಹೋಗಿ. ಪಕ್ಕದ ಮಂಚದವರೊಡನೆ ಅಂದು ರಾತ್ರಿ ಯಾರಾದರೂ ಇರಲಿ. ಆ ಮಂಚವನ್ನು ಮರುದಿನವೇ ಬೇರೆಯವರಿಗೆ ಕೊಡುವುದು ಬೇಡ, ನಾಲ್ಕು ದಿನವಾದರೂ ಹಾಗೆಯೇ ಇರಲಿ ಎಂದು ಮಾಲೀಕರನ್ನು ಕೇಳಿಕೊಳ್ಳಿ. ನಮ್ಮ ಮಾಲೀಕರು ಮೊದಲು ಒಪ್ಪಿರಲಿಲ್ಲ, ಈಗ ನಾವು ಕೇಳದೆಯೇ ಬಿಡುತ್ತಾರೆ.